ಗಾಳವಿಲ್ಲದ ದಾರ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ನಂಬದೆ ಇರುವುದು ನನ್ನ ಸ್ವಭಾವ ಅನ್ನುವುದಕ್ಕಿಂತ ನನ್ನ ಕೆಲಸ ಅನ್ನುವುದು ಸರಿ. ಗೋಕಾಕದಲ್ಲಿ ಕೂತು ಪತ್ರಿಕೆಗೆ ಸುದ್ದಿ ಕಳಿಸುತ್ತ ಬಂದವನಿಗೆ ಬೇವಿನ ಮರದಿಂದ ಹಾಲು ಸುರಿಯಿತು, ಬೀಗ ಹಾಕಿದ ಮನೆಯ ಮೇಲೆ ಕಲ್ಲು ಬಿದ್ದವು ಎಂಬ ಫೋನುಗಳು ಬರುತ್ತಲೇ ಇರುತ್ತವೆ. ಹೋಗಿ ವಿಚಾರಿಸುತ್ತೇನೆ. ಕಣ್ಣಾರೆ ಕಂಡವನು ಯಾವಾಗಲೂ ಪಕ್ಕದ ಊರಿನವನಾಗಿರುತ್ತಾನೆ. ಪಕ್ಕದ ಊರಿಗೆ ಹೋದರೆ ಅವನೂ ಇನ್ನೊಬ್ಬರಿಂದ ಕೇಳಿರುತ್ತಾನೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಚಹಾ ಕುಡಿಸಿ ಕಳಿಸಿಬಿಡುತ್ತಿದ್ದೆ. ಆದರೆ ಅಲ್ಲಿ ಇದ್ದವನು ನಾನೇ. ಆ ಅನುಕೂಲ ನನಗಿಲ್ಲ.

ವಾರದ ರಜೆಯ ದಿನ ನಾನು ಮೀನು ಹಿಡಿಯಲು ಹೋಗುತ್ತೇನೆ. ದೋಣಿ, ಬಲೆ ಯಾವುದೂ ಇಲ್ಲ. ದಂಡೆಯ ಮೇಲೆ ಕೂತು ಗಾಳ ಬಿಟ್ಟು ಕಾಯುವುದಷ್ಟೆ. ನನ್ನ ಜಾಗ ಹುಕ್ಕೇರಿ ತಾಲೂಕಿನ ಘೋಡಗೇರಿಯ ಕೆಳಗೆ, ಘಟಪ್ರಭೆ ನಿಧಾನವಾಗಿ ಆಳವಾಗುವ ಒಂದು ಮಡು. ಗೆಂಡೆ, ರೋಹು, ಅದೃಷ್ಟವಿದ್ದರೆ ಕಟ್ಲಾ ಸಿಗುತ್ತವೆ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಹಿಡಿದದ್ದೆಲ್ಲ ದಸ್ತಗೀರನ ಚೀಲಕ್ಕೆ ಹೋಗುತ್ತದೆ. ಅವನು ಕೊಣ್ಣೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಬಿಡುವಾದಾಗಲೆಲ್ಲ ನನ್ನ ಪಕ್ಕದಲ್ಲಿ ಗಾಳ ಹಾಕಿಕೊಂಡು ಕೂಡುತ್ತಾನೆ.

ನೇಮಣ್ಣ ಕಾಕಾನ ಪರಿಚಯವಾದದ್ದು ಈ ಮಡುವಿನ ದಂಡೆಯಲ್ಲೇ. ಘೋಡಗೇರಿಯ ಜೈನ ರೈತ, ಕಬ್ಬಿನ ಹೊಲ ಹೊಳೆಗೆ ಹತ್ತಿಕೊಂಡೇ ಇದೆ. ಸಂಜೆ ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ, ಚೂರು ಬೆಲ್ಲ ಸೇರಿಸಿ ನಾದಿದ ಮುದ್ದೆ ತರುತ್ತಿದ್ದ. ಉದ್ದನೆಯ ನೈಲಾನ್ ದಾರದ ತುದಿಗೆ ಸಣ್ಣ ಉಂಡೆ ಮೆತ್ತಿ ನೀರಿಗೆ ಎಸೆದು, ಇನ್ನೊಂದು ತುದಿಯನ್ನು ಬಲಗೈ ತೋರುಬೆರಳಿಗೆ ಸಡಿಲವಾಗಿ ಸುತ್ತಿಕೊಂಡು ಕಣ್ಣು ಮುಚ್ಚಿ ಕೂಡುತ್ತಿದ್ದ. ದಾರಕ್ಕೆ ಗಾಳ ಇರುತ್ತಿರಲಿಲ್ಲ. ಮೀನು ಬಂದು ಉಂಡೆ ಜಗ್ಗಿದಾಗ ಬೆರಳು ಅಲುಗುತ್ತಿತ್ತು, ಮುಖ ಅರಳುತ್ತಿತ್ತು. ಉಂಡೆ ಮುಗಿದರೆ ಇನ್ನೊಂದು. ಅಷ್ಟೇ ಅವನ ಮೀನುಗಾರಿಕೆ.

ದಸ್ತಗೀರನಿಗೆ ಇದು ತಪ್ಪದ ತಮಾಷೆ. “ಏನ್ರೀ ಕಾಕಾ, ಇವತ್ತ ಪಂಕ್ತಿಗೆ ಎಷ್ಟ ಮಂದಿ ಬಂದಿದ್ರು?” ಎನ್ನುತ್ತಿದ್ದ.

“ಬಂದ್ರು, ಉಂಡ್ರು, ಹೋದ್ರು. ನಿನ್ನ ಮನೀಗೆ ಊಟಕ್ಕ ಹೋದಾವ್ರು ಒಬ್ಬರರ ಹೊಳ್ಳಿ ಬಂದಾರೇನಲೇ?”

ಕಾಕಾ ನನ್ನನ್ನೂ ಬಿಡುತ್ತಿರಲಿಲ್ಲ. “ಇಂವ ನೋಡು ಪೇಪರ್ ಸಾಹೇಬಾ. ತಿನ್ನಾಂವಲ್ಲ, ಬಿಡಾಂವಲ್ಲ. ಮತ್ಯಾಕ ಹಿಡೀತಿಪಾ?” ನಾನು ನಕ್ಕು ಗಾಳವನ್ನು ಮತ್ತೆ ನೀರಿಗೆ ಬಿಡುತ್ತಿದ್ದೆ.

ಮನೆಯಲ್ಲಿ ಮಾತ್ರ ಅವನ ಅಕ್ಕ, ವ್ರತ ನೇಮದಲ್ಲಿ ಬಿಗಿಯಾದ ಹೆಂಗಸು, ಇದನ್ನೂ ಒಪ್ಪುತ್ತಿರಲಿಲ್ಲ. ಹಸಿದ ಜೀವವನ್ನು ಜಗ್ಗಾಡಿಸುವುದು ಹಿಂಸೆಯೇ ಎಂಬುದು ಆಕೆಯ ವಾದ. “ನಾ ಎಲ್ಲಿ ಜಗ್ಗೇನಿ ಅಕ್ಕಾ? ಅವ ನನ್ನ ಜಗ್ಗತಾವ,” ಎಂಬುದು ಕಾಕಾನ ಉತ್ತರ. ಅದು ನಿಜವೂ ಹೌದು. ನಾನು ಕಂಡಂತೆ ಅವನು ದಾರವನ್ನು ಒಮ್ಮೆಯೂ ತನ್ನ ಕಡೆಗೆ ಎಳೆದವನಲ್ಲ. ಇನ್ನೊಂದು ನಿಯಮವೂ ಇತ್ತು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಆ ಕಟ್ಟಳೆಯನ್ನು ಕಾಕಾ ಮೀನುಗಳಿಗೂ ಹಾಕಿದ್ದ. ಸೂರ್ಯ ಆಚೆ ದಂಡೆಯ ಕಬ್ಬಿನ ಹಿಂದೆ ಇಳಿಯುತ್ತಿದ್ದಂತೆ ದಾರ ಮೇಲೆ ಬರಬೇಕು. “ನಮ್ದೂ ಊಟಾ ಮುಗೀತು, ಅವರದೂ ಮುಗೀತು,” ಎಂದು ಎದ್ದುಬಿಡುತ್ತಿದ್ದ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಬೆಳಗಾವಿಯ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಕಾಲು ಸ್ವಲ್ಪ ಸುಧಾರಿಸಿತು. ಕೈ ಮತ್ತು ಮಾತು ಬರಲಿಲ್ಲ. ಬರುವುದಿದ್ದರೆ ಬೇಗ ಶುರುವಾಗಬೇಕು, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ದಿನಗಳು ಹೋಗುತ್ತಿದ್ದವು. ನಾನು ನೋಡಲು ಹೋದಾಗ ಕಾಕಾನ ಹೆಂಡತಿ ಪದ್ಮವ್ವ ನನ್ನನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದಳು.

“ಊಟಾ ಬಿಡಾಕತ್ತಾರ್ರೀ. ನಿನ್ನಿ ಎರಡ ತುತ್ತು, ಇವತ್ತ ಅದೂ ಇಲ್ಲ. ಗ್ವಾಡಿಗೆ ಮಾರಿ ಮಾಡಿ ಮಲಗತಾರ. ಕೈಗೆ ವ್ಯಾಯಾಮ ಮಾಡಸಾಕ ಹೋದ್ರ ಕಣ್ಣ ತಗ್ಯೂದಿಲ್ಲ. ಸಂಜಿ ಆತಂದ್ರ ಅಷ್ಟ ಹೊಳ್ಳಿ ಆ ಕಡೆ ನೋಡತಾರ.”

ಆ ಕಡೆ ಎಂದರೆ ಎದುರು ಗೋಡೆಯ ಗೂಟ. ಅದಕ್ಕೆ ದಾರದ ಸುರುಳಿ ತೂಗುಹಾಕಿತ್ತು. ಸೊಸೆ ಕಾಕಾನಿಗೆ ನೀರು ಬೇಕೇನೋ ಎಂದು ಲೋಟ ತರುತ್ತಿದ್ದಳಂತೆ. ಪದ್ಮವ್ವನಿಗೆ ಗೊತ್ತಿತ್ತು. ಮೀನುಗಳಿಗೆ ಊಟ ಹಾಕುವವರಿಲ್ಲ ಎಂಬುದು ಒಂದು ಕೊರಗು. ಇನ್ನು ಆ ಬೆರಳಿಗೆ ದಾರ ಸುತ್ತುವುದು ಮುಗಿಯಿತು ಎಂಬುದು ಅದಕ್ಕಿಂತ ದೊಡ್ಡದು. ಕೈ ಬರದಿದ್ದರೆ ಈ ಮನುಷ್ಯ ಬದುಕುವ ಮನಸ್ಸೇ ಮಾಡುವುದಿಲ್ಲ ಎಂಬ ಹೆದರಿಕೆ ಆಕೆಗೆ ಹೊಕ್ಕಿತ್ತು.

“ನೀವರ ಒಮ್ಮಿ ಹೋಗಿ ಬರ್ರಿ. ಮೀನಿಗೆ ಊಟಾ ಆತು ಅಂತ ತಿಳದ್ರ ತಾವೂ ಉಂಡಾರು,” ಎಂದು ಮುದ್ದೆ ನಾದಿ ಕೊಟ್ಟಳು. ಗೂಟದಿಂದ ಸುರುಳಿ ತೆಗೆದು ಕೈಯಲ್ಲಿಟ್ಟಳು. ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು: “ಸಿಟ್ಟಾಗಬ್ಯಾಡ್ರಿ ಮತ್ತ, ನಿಮ್ಮ ಗಾಳ ಅಷ್ಟ ಅದಕ್ಕ ಹಚ್ಚಬ್ಯಾಡ್ರಿ!” ಅಲ್ಲಿಯವರೆಗೆ ಆ ದಿನ ಆ ಮನೆಯಲ್ಲಿ ಕೇಳಿದ ಒಂದೇ ನಗೆ ಅದು.

ಮಡುವಿನ ಹತ್ತಿರ ಯಾರೂ ಇರಲಿಲ್ಲ. ದಸ್ತಗೀರ ಕಬ್ಬಿನ ಹಂಗಾಮಿನ ಟ್ರ್ಯಾಕ್ಟರುಗಳಲ್ಲಿ ಮುಳುಗಿದ್ದ. ಬಿಸಿಲು ಇನ್ನೂ ನೀರಿನ ಮೇಲಿತ್ತು. ಅಲ್ಲಿಂದ ಕಾಕಾನ ಮನೆ ಕಾಣುವುದಿಲ್ಲ. ನಡುವೆ ಹೊಲ, ಏರು, ಅರ್ಧ ಊರು ಇದೆ. ನಾನು ಉಂಡೆ ಮೆತ್ತಿ ಎಸೆದು, ಕಾಕಾನಂತೆ ದಾರವನ್ನು ತೋರುಬೆರಳಿಗೆ ಸುತ್ತಿಕೊಂಡು ಕೂತೆ. ಕೋಲಿನಲ್ಲಿ ಮೀನು ಹಿಡಿದವನಿಗೆ ಬೆರಳಿಗೇ ನೇರ ಬರುವ ಜಗ್ಗಾಟ ಹೊಸದು. ಮೊದಲು ಸಣ್ಣ ಮೀನುಗಳು ಮೂಸಿದ ಹಾಗೆ ದಾರ ನಡುಗಿತು. ಆಮೇಲೆ ಗೆಂಡೆ ಬಂದಿರಬೇಕು, ನಿಧಾನವಾದ ಭಾರದ ಎಳೆತ ಬಂತು. ಚೆನ್ನಾಗಿತ್ತು. ಕಾಕಾ ಯಾಕೆ ಕಣ್ಣು ಮುಚ್ಚುತ್ತಿದ್ದ ಎಂದು ಆಗ ತಿಳಿಯಿತು.

ಆಗ ಫೋನು ಬಂತು. ಎಡಗೈಯಲ್ಲಿ ಎತ್ತಿದೆ. ಪದ್ಮವ್ವ.

“ಪೇಪರ್ ಸಾಹೇಬ್ರ, ಇವರ ಬೆರಳು ಅಳ್ಳಾಡಾಕತ್ತೈತ್ರೀ! ಎಣ್ಣಿ ಹಚ್ಚಾಕ ಕುಂತಿದ್ನಿ. ಬಲಗೈ, ಬಲಗೈ ಬೆರಳು!”

ಸಂತೋಷದಿಂದ ಎದ್ದು ನಿಂತೆ. ಯಾವ ಬೆರಳು ಎಂದು ಕೇಳಿದೆ. ಹೆಬ್ಬೆರಳಿನ ಬಾಜೂದ್ದು ಎಂದಳು. ಅಷ್ಟರಲ್ಲಿ ದಾರ ಜಗ್ಗಿತು. ಅದೇ ಗಳಿಗೆಗೆ ಆಕೆ, “ಮತ್ತ ಅಳ್ಳಾಡ್ತು!” ಎಂದಳು.

ಕಾಕತಾಳೀಯ ಎಂದುಕೊಂಡೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ದಾರ ಸುಮ್ಮನಾಯಿತು. “ನಿಂತ್ರೀ,” ಎಂದಳು. ಮತ್ತೆ ಎಳೆತ. “ಈಗ ನೋಡ್ರಿ, ಮತ್ತ!” ನಮ್ಮ ಕೆಲಸದಲ್ಲಿ ಒಂದು ಶಿಸ್ತಿದೆ: ಹೇಳುವವರ ಬಾಯಿಗೆ ನಾವು ಮಾತು ಹಾಕಬಾರದು. ಆದ್ದರಿಂದ ನನ್ನ ಬೆರಳಿನಲ್ಲಿ ದಾರವಿದೆ, ಅದು ಈಗ ಜಗ್ಗುತ್ತಿದೆ ಎಂದು ನಾನು ಹೇಳಲೇ ಇಲ್ಲ. “ಫೋನು ಇಡಬ್ಯಾಡ್ರಿ ಪದ್ಮವ್ವಾ, ಅಳ್ಳಾಡಿದಾಗ ಹೇಳಕೋತ ಇರ್ರಿ,” ಎಂದಷ್ಟೇ ಅಂದೆ. ಆಕೆ ಹೇಳುತ್ತಲೇ ಹೋದಳು. ಮೀನು ಜಗ್ಗಿದಾಗ ಅಲ್ಲಿ ಬೆರಳು ಅಲುಗಿತು. ಮೀನು ಬಿಟ್ಟಾಗ ನಿಂತಿತು. ಫೋನನ್ನು ಭುಜಕ್ಕೆ ಒತ್ತಿಕೊಂಡು ಹೊಸ ಉಂಡೆ ಮೆತ್ತಲು ದಾರ ಮೇಲೆ ತೆಗೆದಾಗ ಆಕೆಯೂ ಸುಮ್ಮನಾದಳು. ಒಮ್ಮೆ ಪರೀಕ್ಷೆಗೆಂದು ನಾನೇ ದಾರವನ್ನು ಎಳೆದು ನೋಡಿದೆ. ಅತ್ತ ಏನೂ ಆಗಲಿಲ್ಲ. ಮೀನಿನ ಎಳೆತಕ್ಕೆ ಮಾತ್ರ ಆಗುತ್ತಿತ್ತು.

ಸೂರ್ಯ ಕಬ್ಬಿನ ತಲೆ ಮುಟ್ಟಿದ. ಕಾಕಾ ಇದ್ದಿದ್ದರೆ ದಾರ ಸುತ್ತುವ ಹೊತ್ತು. ನನ್ನ ಕೈ ಮುಂದೆ ಬರಲಿಲ್ಲ. ಡಾಕ್ಟರು ಹೇಳಿದ ಮಾತು ತಲೆಯಲ್ಲಿತ್ತು, ಬರುವುದಿದ್ದರೆ ಬೇಗ. ಬೆರಳು ಈಗ ಎದ್ದಿದೆ. ಈಗ ದಾರ ತೆಗೆದರೆ? ನಾನು ನಂಬಿದ್ದೆ ಎಂದಲ್ಲ. ನಂಬದೆಯೂ ತೆಗೆಯಲಾಗಲಿಲ್ಲ. ಹೊತ್ತು ಪೂರ್ತಿ ಮುಳುಗಿತು. ಉಳಿದ ಮುದ್ದೆಯನ್ನೆಲ್ಲ ಒಂದೇ ಉಂಡೆ ಮಾಡಿ, ಮಡುವಿನ ನಡುವಿಗೆ ಎಸೆದೆ.

ಸ್ವಲ್ಪ ಹೊತ್ತು ಎರಡೂ ಕಡೆ ಏನಿಲ್ಲ. ಆಮೇಲೆ ಬಂದ ಎಳೆತ ಅದುವರೆಗಿನ ಯಾವುದರಂತೆಯೂ ಇರಲಿಲ್ಲ. ದಾರ ಬೆರಳಿಗೆ ಕಚ್ಚಿ, ಮುಂಗೈ ಮುಂದಕ್ಕೆ ಹೋಯಿತು, ನಾನು ಒಂದು ಕಾಲು ನೀರಿಗಿಟ್ಟೆ. ಫೋನಿನಲ್ಲಿ ಪದ್ಮವ್ವ ಹೌಹಾರಿದ್ದು ಕೇಳಿಸಿತು. “ಅಯ್ಯಯ್ಯ, ಕೈ ಹೊಂಟತಲ್ಲರೀ, ಹಾಸಗಿ ಬಿಟ್ಟ ಕೈ ಹೊಂಟತಲ್ಲ!” ಅದರ ಹಿಂದೆಯೇ ಒಂದು ಗಂಡು ದನಿ, ದಪ್ಪ ನಾಲಿಗೆಯ, ನನಗೆ ಪೂರ್ತಿ ತಿಳಿಯದ ಒಂದು ಶಬ್ದ. ಆಮೇಲೆ ಪದ್ಮವ್ವನ ಅಳು, ಅಳುವಿನೊಳಗೇ ನಗು.

“ಸಾಕು ಅಂದ್ರರೀ! ಬಾಯಿ ಬಿಟ್ಟು ಸಾಕು ಅಂದ್ರು! ಎಣ್ಣಿ ತಿಕ್ಕೂದು ಸಾಕು ಮಾಡು ಅಂತ ನನಗ ಬೈದ್ರು ನೋಡ್ರಿ, ಎಷ್ಟ ದಿವಸಕ್ಕ ಬೈದ್ರು!”

ನಾನು ದಾರ ಸುತ್ತಿದೆ. ಅದು ಹಗುರಾಗಿ ಬಂತು. ತುದಿಯಲ್ಲಿ ಉಂಡೆ ಇರಲಿಲ್ಲ.

ಮನೆಗೆ ಹೋದಾಗ ಕೋಣೆ ತುಂಬ ಜನ. ಮಗ ಡಾಕ್ಟರಿಗೆ ಫೋನು ಮಾಡುತ್ತಿದ್ದ, ಅಕ್ಕ ಜಪದ ಮಣಿ ಹಿಡಿದು ಕೂತಿದ್ದಳು. ಕಾಕಾ ಗೋಡೆಯ ಕಡೆ ಬೆನ್ನು ಮಾಡಿ ಮಲಗಿದ್ದ. ನನ್ನನ್ನು ನೋಡಿದ, ಕೈಯಲ್ಲಿದ್ದ ಸುರುಳಿ ನೋಡಿದ, ಒದ್ದೆಯಾದ ನನ್ನ ಪ್ಯಾಂಟು ನೋಡಿದ. ಆ ನೋಟದಲ್ಲಿ ಏನಿತ್ತೆಂದು ಬರೆದರೆ ಅದು ನನ್ನ ಕಲ್ಪನೆಯಾದೀತು. ಸುರುಳಿಯನ್ನು ಗೂಟಕ್ಕೆ ಹಾಕಿ, ಮೀನುಗಳ ಊಟ ಆಯಿತು ಎಂದು ಹೇಳಿ ಬಂದೆ. ಮರುದಿನ ಬೆಳಿಗ್ಗೆ ಅವನು ಉಂಡ ಎಂದು ಪದ್ಮವ್ವ ತಿಳಿಸಿದಳು.

ಮುಂದೆ ಮಾತು ನಿಧಾನವಾಗಿ ಬಂತು, ಬೈಗುಳ ಮೊದಲು, ಉಳಿದದ್ದು ಆಮೇಲೆ. ಕೈ ಪೂರ್ತಿ ಬರಲಿಲ್ಲ. ತೋರುಬೆರಳೊಂದೇ ಚೆನ್ನಾಗಿ ಬಂತು. ಕೆಲವರಿಗೆ ಹೀಗೂ ಆಗುತ್ತದೆ, ಎಣ್ಣೆ ತಿಕ್ಕುವಾಗ ಬೆರಳು ಅಲುಗುವುದೂ ಹೊಸತಲ್ಲ ಎಂದು ಡಾಕ್ಟರು ಹೇಳಿದರು. ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ ವಿಚಾರಣೆ ಬಿಡಲಿಲ್ಲ. ಫೋನಿನಲ್ಲಿ ಮಾತಾಡುವಾಗಲೂ ಎಣ್ಣೆ ತಿಕ್ಕುತ್ತಿದ್ದಿರಾ ಎಂದು ಪದ್ಮವ್ವನನ್ನು ಕೇಳಿದೆ. ಒಮ್ಮೆ ಹೌದು ಎಂದಳು. ಇನ್ನೊಮ್ಮೆ, ಆ ಗಡಿಬಿಡಿಯಲ್ಲಿ ಯಾರು ತಿಕ್ಕುತ್ತಾರೆ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದೆ ಎಂದಳು. ಸಾಕ್ಷಿ ಇಷ್ಟೇ.

ದಸ್ತಗೀರನಿಗೊಬ್ಬನಿಗೆ ಎಲ್ಲ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. “ದಿನಾ ಉಂಡಾವ್ರು. ಯಜಮಾನ ಬರಲಿಲ್ಲ ಅಂದ್ರ ಕರೀದ ಇರತಾರೇನ್ರಿ?” ಎಂದು ಬೀಡಿ ಹಚ್ಚಿದ. ಅವನಿಗೆ ಅದು ಅಲ್ಲಿಗೇ ಮುಗಿಯಿತು.

ಮಾತು ಸರಿಯಾದ ಮೇಲೆ ಕಾಕಾನನ್ನೇ ಕೇಳಿದೆ, ಆ ಸಂಜೆಯದು ಏನಾದರೂ ನೆನಪಿದೆಯೇ ಎಂದು. ಅವನು ನನ್ನತ್ತ ವಾಲಿ, “ದೊಡ್ಡದು ಬಂದಿತ್ತಲ್ಲಾ?” ಎಂದ. ಆದರೆ ಮಡುವಿನಿಂದ ಎದ್ದು ಬಂದವರನ್ನೆಲ್ಲ ಅವನು ಮೊದಲಿನಿಂದಲೂ ಕೇಳುವ ಪ್ರಶ್ನೆ ಅದೇ. ಅದನ್ನು ಉತ್ತರವೆಂದು ನಾನು ಹೇಗೆ ಬರೆದುಕೊಳ್ಳಲಿ?

ಈಗ ಅವನ ಮಗ ಸಂಜೆ ಮೋಟರ್ ಸೈಕಲ್ ಮೇಲೆ ಕರೆತಂದು, ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂಡಿಸುತ್ತಾನೆ. ದಾರವನ್ನು ಆ ಬೆರಳಿಗೆ ಸುತ್ತುವುದು ಯಾರು ಹತ್ತಿರವಿದ್ದಾರೋ ಅವರ ಕೆಲಸ. ಹೋದ ವಾರ ಅದು ನನ್ನ ಪಾಲಿಗೆ ಬಂತು. ಕಾಕಾ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಮೀನು ಜಗ್ಗಿತು, ಅವನ ಬೆರಳು ಅಲುಗಿತು, ಮುಖ ಅರಳಿತು. ನಾನು ಪಕ್ಕದಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಅಲುಗೀತೇನೋ ಎಂದು ನೋಡಿದ್ದಂತೂ ಹೌದು.