ತಲೆ ಸುತ್ತಿಸಿದ ಹಕ್ಕಿಗಳು

ಫೆಸೆಂಟ್ ಹುಂಜವನ್ನು ಮಂಕುಮಾಡುವುದು ಸುಲಭ. ತಲೆಯನ್ನು ಅದರದೇ ರೆಕ್ಕೆಯ ಕೆಳಗೆ ತುರುಕಬೇಕು, ಎರಡೂ ಕೈಯಲ್ಲಿ ಅವುಚಿ ಹಿಡಿದು ಗರಗರ ಸುತ್ತಿಸಬೇಕು. ಆಮೇಲೆ ಹುಲ್ಲಿನ ಬುಡದಲ್ಲಿ ಇಟ್ಟರೆ, ಅಷ್ಟು ಉದ್ದ ಬಾಲದ ಕಾಡುಹಕ್ಕಿ ಒದ್ದೆ ಬಟ್ಟೆಯ ಮುದ್ದೆಯಂತೆ ಬಿದ್ದಿರುತ್ತದೆ. ಜೆಜು ದ್ವೀಪದ ಪೂರ್ವದ ಗುಡ್ಡಗಳಲ್ಲಿ ಬು ಚಾಂಗ್‌ಹಾ ಎಂಬವನ ಬೇಟೆ ಮೈದಾನವಿದೆ, ಹಣ ಕೊಟ್ಟವರು ಅಲ್ಲಿ ಸಾಕಿದ ಹಕ್ಕಿಗಳಿಗೆ ಗುಂಡು ಹೊಡೆಯುತ್ತಾರೆ. ಚಳಿಗಾಲ ಪೂರ್ತಿ, ಗಿರಾಕಿಗಳು ಕ್ಯಾಂಟೀನಿನಲ್ಲಿ ತಿಂಡಿ ತಿನ್ನುವ ಹೊತ್ತಿಗೆ ಜ್ವಾ ಗಿಲ್‌ಬೊ ಅಲ್ಲಿ ಈ ಕೆಲಸ ಮುಗಿಸಿರುತ್ತಿದ್ದರು.

ಆ ಹಕ್ಕಿಗಳನ್ನು ಹತ್ತಿರದಿಂದ ನೋಡಿದವರಿಗೆ ಊಟ ಸೇರುವುದಿಲ್ಲ. ಶೆಡ್ಡಿನೊಳಗೆ ಒಂದನ್ನೊಂದು ಕುಕ್ಕಿ ಕೊಲ್ಲದಿರಲೆಂದು ಎಳೆಯದರಲ್ಲೇ ಮುಂದಿನದು ಕಾಣದಂತೆ ಕೊಕ್ಕಿನ ಮೇಲೆ ಪ್ಲಾಸ್ಟಿಕ್ ಕನ್ನಡಕ ಚುಚ್ಚಿರುತ್ತಾರೆ. ಬಿಡುವ ದಿನ ಅದನ್ನು ಕಿತ್ತರೂ ಮೂಗಿನ ತೂತಿನಲ್ಲಿ ಕೀವು ಉಳಿದಿರುತ್ತದೆ. ತಂತಿಬಲೆಗೆ ಉಜ್ಜಿ ಉಜ್ಜಿ ಬಾಲ ಸವೆದ ಪೊರಕೆಯಾಗಿರುತ್ತದೆ, ಹೊಟ್ಟೆಯ ಗರಿಗೆ ಹಿಕ್ಕೆ ಒಣಗಿ ಅಂಟಿರುತ್ತದೆ. ನಾಯಿ ಬಂದು ಮುಂದೆ ನಿಂತರೂ ಹಕ್ಕಿ ಏಳುವುದಿಲ್ಲ. ಆಗ ಸಿಯೋಲ್‌ನಿಂದ ಬಂದ ಗಿರಾಕಿ ಹೊಸ ಬೂಟಿನಿಂದ ಒದೆಯುತ್ತಾನೆ. ಹಕ್ಕಿ ಸೊಂಟದೆತ್ತರಕ್ಕೆ ಪಟಪಟಿಸುತ್ತದೆ. ಅಷ್ಟರಲ್ಲಿ ಎಲ್ಲ ಕೋವಿಗಳೂ ಸಿಡಿಯುತ್ತವೆ. ಫೋಟೊ ತೆಗೆಸಿಕೊಂಡ ಮೇಲೆ ಹಕ್ಕಿ ಯಾರಿಗೂ ಬೇಡ. ಪುಕ್ಕ ತರಿಯುವವರು ಯಾರು? ಕ್ಯಾಂಟೀನಿನ ಹಿಂದೆ ಚೀಲದಲ್ಲಿ ಬಿದ್ದಿರುತ್ತವೆ, ಕಾಗೆಗಳು ಚೀಲ ಹರಿಯುತ್ತವೆ.

ಗಿಲ್‌ಬೊ ಬೆಳೆದದ್ದು ನಿಜವಾದ ಬೇಟೆಯಲ್ಲಿ. ಅಪ್ಪ, ಅಜ್ಜ ಎಲ್ಲರೂ ಪಾಯಿಂಟರ್ ನಾಯಿ ಸಾಕಿದವರು. ಈ ಜಾತಿಯ ನಾಯಿ ಹಕ್ಕಿಯನ್ನು ಹಿಡಿಯಲು ಹೋಗುವುದಿಲ್ಲ. ಗಾಳಿಯಲ್ಲಿ ವಾಸನೆ ಸಿಕ್ಕಿದ ಕೂಡಲೇ ಒಂದು ಮುಂಗಾಲು ಎತ್ತಿ, ಬಾಲ ನೆಟ್ಟಗೆ ಮಾಡಿ, ಕಲ್ಲಾಗಿ ನಿಲ್ಲುತ್ತದೆ. ಕೊರಳ ಗಂಟೆಯ ಸದ್ದು ನಿಂತರೆ ಹಕ್ಕಿ ಇದೆ ಎಂದರ್ಥ. ಬೇಟೆಗಾರ ಮುಂದೆ ಹೋಗಿ ಹಕ್ಕಿಯನ್ನು ಎಬ್ಬಿಸಲೇಬೇಕು, ಗುರಿ ತಪ್ಪಿದರೂ ಚಿಂತೆಯಿಲ್ಲ. ನಿಂತ ನಾಯಿಗೆ ಬೆನ್ನು ಹಾಕಿ ಹೋಗುವವನನ್ನು ಅವರ ಅಪ್ಪ ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲವಂತೆ.

ಅವರ ನಾಯಿ ಮೊರು. ಕಂದು ಚುಕ್ಕೆಯ ಹೆಣ್ಣು. ಮನೆಯಲ್ಲೇ ಹುಟ್ಟಿದ್ದು, ಮೇಲಿನ ಗುಡ್ಡದ ಹುಲ್ಲುಗಾವಲಿನಲ್ಲಿ ಕಾಡಿನ ಹಕ್ಕಿಗಳ ಮೇಲೆಯೇ ಪಳಗಿದ್ದು. ಬು ಚಾಂಗ್‌ಹಾನ ಮೈದಾನಕ್ಕೆ ಅದನ್ನು ತರುವುದಿಲ್ಲವೆಂದು ಕೆಲಸಕ್ಕೆ ಸೇರುವಾಗಲೇ ಗಿಲ್‌ಬೊ ಹೇಳಿದ್ದರು. ಅಲ್ಲಿಗೆ ಮೈದಾನದ ನಾಯಿಗಳೇ ಸಾಕಾಗಿದ್ದವು.

ಹೋದ ಚಳಿಗಾಲದ ಶುರುವಿನಲ್ಲಿ ಮೈದಾನದ ಒಳ್ಳೆಯ ನಾಯಿಯೊಂದು ಕಲ್ಲುಗೋಡೆ ಹಾರಲು ಹೋಗಿ ಕಾಲು ಮುರಿದುಕೊಂಡಿತು. ಚಾಂಗ್‌ಹಾ ಮನೆಗೇ ಬಂದ.

"ಒಂದೇ ಒಂದು ದಿನ ಚಿಕ್ಕಪ್ಪ. ದೊಡ್ಡ ಗುಂಪು ಬರ್ತಿದೆ, ನಾಯಿ ಇಲ್ಲ ಅಂದ್ರೆ ನನ್ನ ಮುಖ ಎಲ್ಲಿಡ್ಲಿ?"

ಗಿಲ್‌ಬೊ ಆಗುವುದಿಲ್ಲವೆಂದರು. ಚಾಂಗ್‌ಹಾ ತನ್ನ ಸತ್ತ ಅಪ್ಪನ ಮಾತು ತೆಗೆದ. ಗಿಲ್‌ಬೊ ಕೈಗೆ ಮೊದಲು ಕೋವಿ ಕೊಟ್ಟವರು ಅವರೇ. ಅದನ್ನು ಅವರು ಎಂದೂ ನೆನಪಿಸಿರಲಿಲ್ಲ, ಮಗ ನೆನಪಿಸಿದ. ಗಿಲ್‌ಬೊ ಗುಂಪು ಬಂದ ದಿನ ಮೊರುವನ್ನು ಹಗ್ಗ ಹಿಡಿದು ಮೈದಾನಕ್ಕೆ ಕರೆತಂದರು.

ಆ ಒಂದು ದಿನ ಚಳಿಗಾಲದುದ್ದಕ್ಕೂ ಮುಗಿಯಲಿಲ್ಲ. ಮೊದಮೊದಲು ಮೊರುವಿಗೆ ಅರ್ಥವೇ ಆಗಲಿಲ್ಲ. ತಾನು ನಿಂತಲ್ಲಿ ಮುಂಗಾಲಿನ ಹತ್ತಿರವೇ ಹಕ್ಕಿ ತೂರಾಡುತ್ತ ಎದ್ದು ಬಂದರೆ ಮೊರು ಮುಖ ಪಕ್ಕಕ್ಕೆ ತಿರುಗಿಸುತ್ತಿತ್ತು. ಆಮೇಲೆ ಚುರುಕಾಯಿತು. ಬಿಟ್ಟ ತಕ್ಷಣ ನೇರ ಓಡಿ, ಹಕ್ಕಿಯ ಮುಂದೆ ನಿಂತುಬಿಡುತ್ತಿತ್ತು. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. ಆ ಚುರುಕು ಎಲ್ಲಿಂದ ಬಂತೆಂದು ಗಿಲ್‌ಬೊ ಕೇಳಿಕೊಳ್ಳಲಿಲ್ಲ.

ಸಂಜೆ ಅವರು ಮನೆಗೆ ಬಂದರೆ ಹೆಂಡತಿ ಯೊನ್‌ಸಿಲ್ ಬಾಗಿಲಲ್ಲೇ ತಡೆಯುತ್ತಿದ್ದರು.

"ತೊಳ್ಕೊಂಡು ಬನ್ನಿ. ಕೋಳಿಗೂಡಿನ ಪಕ್ಕ ಮಲಗೋಕೆ ನಮ್ಮಪ್ಪ ನನ್ನ ಕೊಟ್ಟಿಲ್ಲ."

ತೊಳೆದರೂ ಆ ನಾತ ಬೆರಳ ಸಂದಿಯಲ್ಲಿ ಉಳಿಯುತ್ತಿತ್ತು. ಅನ್ನದ ಬಟ್ಟಲಿಗೂ ಬರುತ್ತಿತ್ತು. ಫೆಸೆಂಟ್ ಮಾಂಸ ಹಾಕಿದ ಬಕ್‌ವೀಟ್ ಧಾನ್ಯದ ಹಿಟ್ಟಿನ ನೂಡಲ್ಸ್ ಅವರಿಗೆ ಪ್ರಾಣ. ಆ ಚಳಿಗಾಲ ಅದನ್ನು ಮುಟ್ಟಲಿಲ್ಲ.

ಒಂದು ಸಂಜೆ ಅಂಗಳಕ್ಕೆ ಕಾಲಿಟ್ಟಾಗ ಮೊರು ಅವರ ಎದುರು ಬಂದು ಮುಂಗಾಲು ಎತ್ತಿ ನಿಂತಿತು. ಯೊನ್‌ಸಿಲ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮ್ಮನ್ನೇ ಹುಂಜ ಅಂದ್ಕೊಂಡಿದ್ದಾಳೆ. ಎಲ್ಲಿ, ಒಂದ್ಸಲ ಹಾರಿ ನೋಡೋಣ."

ಅಂಗಿಗೆ ಪುಕ್ಕದ ವಾಸನೆ ಹತ್ತಿರಬೇಕೆಂದು ಗಿಲ್‌ಬೊ ಅಂದುಕೊಂಡರು. ಅಂಗಿ ನೆನೆಹಾಕಿದರು.

ಬೇಟೆಯ ಋತು ಮುಗಿಯುವ ಮೊದಲು ಮೈದಾನಕ್ಕೆ ರಜೆಯಿದ್ದ ದಿನ ಅವರು ಬೆಳಿಗ್ಗೆಯೇ ಪೊಲೀಸ್ ಠಾಣೆಗೆ ಹೋಗಿ, ಕಾನೂನಿನಂತೆ ಅಲ್ಲಿಟ್ಟಿದ್ದ ತಮ್ಮ ಕೋವಿ ಬಿಡಿಸಿಕೊಂಡು, ಮೊರುವಿನೊಂದಿಗೆ ಮೇಲಿನ ಗುಡ್ಡ ಹತ್ತಿದರು. ಆ ಚಳಿಗಾಲದಲ್ಲಿ ಅದೇ ಮೊದಲ ಸಲ. ಗುಡ್ಡದ ಬೆನ್ನಿನಲ್ಲಿ ಕಲ್ಲುಗೋಡೆ ಸುತ್ತುವರಿದ ಹಳೆಯ ಗೋರಿಯೊಂದಿದೆ. ಅದರ ಸುತ್ತಲಿನ ಹುಲ್ಲಿನಲ್ಲಿ ಮುದಿ ಹುಂಜವೊಂದು ವರ್ಷಗಳಿಂದ ಅವರನ್ನೂ ಮೊರುವನ್ನೂ ಏಮಾರಿಸುತ್ತ ಬಂದಿತ್ತು. ಮೈದಾನದ ಹೊಲಸೆಲ್ಲ ಆ ಒಂದು ಹಕ್ಕಿಯ ಮುಂದೆ ತೊಳೆದುಹೋದೀತೆಂದು ಅವರಿಗೆ ಆಸೆಯಿತ್ತು.

ಗಾಳಿ ಎದುರಿನಿಂದಲೇ ಬೀಸುತ್ತಿತ್ತು. ಹಗ್ಗ ಬಿಚ್ಚಿದರು. ಮೊರು ತಲೆಯೆತ್ತಿ ಗಾಳಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮೂಗನ್ನು ನೆಲಕ್ಕೆ ಉಜ್ಜಿ ಅತ್ತಿತ್ತ ತಡಕಾಡಿತು. ಏನನ್ನೋ ಕಳೆದುಕೊಂಡ ಹಾಗೆ ಕುಂಯ್‌ಗುಟ್ಟಿತು. ಆಮೇಲೆ ಅವರು ಹತ್ತಿ ಬಂದ ದಾರಿಯಲ್ಲಿ ಕೆಳಗೋಡಿತು. ಗಂಟೆ ದೂರವಾಗಿ, ಮತ್ತೆ ಹತ್ತಿರವಾಯಿತು. ಅವರ ಬೂಟಿನ ಗುರುತನ್ನು ಒಂದೊಂದಾಗಿ ಮೂಸುತ್ತ ಅದು ಮೇಲೆ ಬಂತು. ಅವರ ಮುಂದೆ ಬಂದಾಗ ಗಂಟೆ ನಿಂತಿತು. ಮುಂಗಾಲು ಎತ್ತಿತ್ತು, ಬಾಲ ನೆಟ್ಟಗಿತ್ತು. ಕಣ್ಣು ಅವರ ಬಲಗೈ ಮೇಲಿತ್ತು.

ಗಿಲ್‌ಬೊಗೆ ಆಗ ತಿಳಿಯಿತು. ಮೈದಾನದಲ್ಲಿ ಮೊರು ಹಕ್ಕಿಯನ್ನು ಹುಡುಕುತ್ತಲೇ ಇರಲಿಲ್ಲ. ಬೆಳಿಗ್ಗೆ ಹಕ್ಕಿ ಇಡಲು ತಾವು ನಡೆದ ಹೆಜ್ಜೆಯನ್ನು ಹಿಡಿದು ಹೋಗುತ್ತಿತ್ತು. ಹೆಜ್ಜೆ ಮುಗಿದಲ್ಲಿ ಹಕ್ಕಿ ಸಿಗುತ್ತಿತ್ತು. ಗಾಳಿಯಲ್ಲಿ ಹಕ್ಕಿ ಇರುತ್ತದೆಂಬುದೇ ಅದಕ್ಕೆ ಮರೆತುಹೋಗಿತ್ತು.

ಗೋರಿಯ ಆಚೆ ಮುದಿ ಹುಂಜ ಕೂಗಿಕೊಂಡು ಎದ್ದು, ಬಿಸಿಲಿನಲ್ಲಿ ಬಾಲ ಹೊಳೆಯಿಸುತ್ತ ಕಣಿವೆಗೆ ಇಳಿದುಹೋಯಿತು. ಮೊರು ಅತ್ತ ಕಿವಿಯನ್ನೂ ತಿರುಗಿಸಲಿಲ್ಲ. ಹಕ್ಕಿ ಅವರ ಕೈಯಲ್ಲೇ ಇದೆ, ಎಬ್ಬಿಸಿಕೊಡಲಿ ಎಂದು ಕಾಯುತ್ತ ಆ ಕೈಯನ್ನೇ ನೋಡುತ್ತಿತ್ತು.

ಗಿಲ್‌ಬೊ ಕೋವಿ ಮಡಚಿ ತೋಟಾ ತೆಗೆದರು. ನಿಂತ ನಾಯಿಗೆ ಬೆನ್ನು ಹಾಕಿ ಗುಡ್ಡ ಇಳಿದರು. ಜೀವಮಾನದಲ್ಲಿ ಅದೇ ಮೊದಲು. ಬಹಳ ದೂರದವರೆಗೂ ಹಿಂದೆ ಗಂಟೆ ಕೇಳಿಸಲಿಲ್ಲ.

ಠಾಣೆಯಲ್ಲಿ ಕೋವಿ ಒಪ್ಪಿಸುವಾಗ ಚಾಂಗ್‌ಹಾ ಅಲ್ಲೇ ಇದ್ದ. ಯಾಕೆ ಇಷ್ಟು ಬೇಗ, ಏನೂ ಸಿಗಲಿಲ್ಲವೇ ಎಂದು ಕೇಳಿದ. ನಾಳಿನ ಗುಂಪಿಗೆ ಮೊರು ಬೇಕೆಂದೂ ನೆನಪಿಸಿದ.

"ನಿಂಗೆ ನಾಯಿ ಯಾಕಪ್ಪ?" ಎಂದರು ಗಿಲ್‌ಬೊ. "ಹಕ್ಕಿ ಇಟ್ಟ ಕಡೆ ಒಂದೊಂದು ಕಡ್ಡಿ ನೆಡು. ಬಂದೋರು ನೋಡ್ಕೊಂಡು ಒದೀತಾರೆ."

ಚಾಂಗ್‌ಹಾ ತಮಾಷೆ ಎಂದುಕೊಂಡು ನಕ್ಕ. ಮರುದಿನ ಗಿಲ್‌ಬೊ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಅವನು ಬೇರೆ ಆಳನ್ನೂ ಬೇರೆ ನಾಯಿಯನ್ನೂ ಹುಡುಕಿಕೊಂಡ. ಮೈದಾನ ಚೆನ್ನಾಗಿಯೇ ನಡೆಯುತ್ತಿದೆ.

ಗಿಲ್‌ಬೊ ಈಗ ಹೆಂಡತಿಯ ಜೊತೆ ಗಜ್ಜರಿ ಹೊಲದಲ್ಲಿ ಕೆಲಸ ಮಾಡುತ್ತಾರೆ. ಪುಕ್ಕದ ನಾತವಿದ್ದ ಅಂಗಿ, ಕೈಚೀಲ, ಬೂಟು ಎಲ್ಲ ಸುಟ್ಟಿದ್ದಾರೆ. ಆದರೂ ಸಂಜೆ ಅವರು ಮಣ್ಣುಗೈಯಲ್ಲಿ ಅಂಗಳಕ್ಕೆ ಬಂದರೆ ಮೊರು ಎದುರಿಗೆ ಬಂದು ಮುಂಗಾಲು ಎತ್ತಿ ನಿಲ್ಲುತ್ತದೆ. ಯೊನ್‌ಸಿಲ್ ನಗುವುದನ್ನು ಬಿಟ್ಟಿದ್ದಾರೆ. ಗಂಟೆಯನ್ನು ಅವರೇ ಬಿಚ್ಚಿ ತೆಗೆದಿಟ್ಟರು.