ಕೊಳವೆಯ ತಗಡು ಮುಚ್ಚಿದ್ದು ನಾನು

ಶ್ರಾವಣಿ, ಓಂಕಾರ — ನಿಮ್ಮ ಅಪ್ಪನನ್ನು ಹೆತ್ತ ಕಸ್ತೂರಿ ತನ್ನ ತಪ್ಪಿನಿಂದ ಸಾಯಲಿಲ್ಲ. ಒಲೆಯ ಹೊಗೆಕೊಳವೆಯ ತಗಡನ್ನು ಮುಚ್ಚಿದವಳು ನಾನು. ಅವಳೇ ಮುಚ್ಚಿದಳು ಎಂದು ಹೇಳಿದವಳೂ ನಾನೇ.

ಕಸ್ತೂರಿ ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ತಮ್ಮನ ಹೆಂಡತಿ. ಮಲಾಡ್‌ನ ಚಾಳಿನಲ್ಲಿ ನಮಗೆ ಎರಡು ಖೋಲಿ. ಹಿಂದಿನ ಖೋಲಿಯಲ್ಲಿ ನಾವಿಬ್ಬರೂ ರೊಟ್ಟಿ ಬಡಿದು, ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಜನರಿಗೆ ಡಬ್ಬಿ ಕಳಿಸುತ್ತಿದ್ದೆವು. ಮುಚ್ಚಿಹೋದ ಒಂದು ಹೋಟೆಲಿನಿಂದ ನಿಮ್ಮ ಅಜ್ಜ ಹಳೆಯ ಕಬ್ಬಿಣದ ಕಟ್ಟಿಗೆ ಒಲೆ ತಂದಿದ್ದರು. ಕೆಳಗೆ ಗಾಳಿ ಹೋಗಲು ಸಣ್ಣ ಬಾಗಿಲು. ಮೇಲೆ ಹೊಗೆಕೊಳವೆ, ಅದರೊಳಗೆ ತಿರುಗಿಸಿ ಮುಚ್ಚುವ ಒಂದು ತಗಡು.

ಜೋಡಿಸಲು ಬಂದವನು ಹೇಳಿದ್ದ — ಉರಿ ಕಡಿಮೆ ಮಾಡಬೇಕಾದರೆ ಕೆಳಗಿನ ಬಾಗಿಲು ಓರೆ ಮಾಡಿ. ಒಂದು ಕೆಂಡ ಉಳಿದಿದ್ದರೂ ಮೇಲಿನ ತಗಡು ಮುಚ್ಚಬೇಡಿ. ಪರಗಂಡಸಿನ ಮುಂದೆ ನಿಲ್ಲಲು ನಾಚಿ ನಾನು ಬಾಗಿಲ ಹಿಂದಿದ್ದೆ. ಕೇಳಿಸಲಿಲ್ಲ ಎಂದು ಬರೆಯಬಹುದಿತ್ತು. ಕೇಳಿಸಿತ್ತು.

ಆ ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾಗಿ ಹೊಗೆಯ ವಾಸನೆ ಚಾಳಿಗೆಲ್ಲ ಹಿಡಿಯಿತು. ಮೇಲಿನ ಮಾಳಿಗೆಯವಳು ಗ್ಯಾಲರಿಯಿಂದ ಬಗ್ಗಿ, "ಏ ರೋಟಿವಾಲಿ, ಮೇರಿ ಸಾಡಿ ಭೀ ಚೂಲ್ಹೆ ಮೇ ಡಾಲ್ ದೇ!" ಎಂದು ಕೂಗಿದಳು. ಒಣಹಾಕಿದ ಸೀರೆಯನ್ನೂ ಒಲೆಗೇ ಹಾಕು ಎಂದು. ಎಲ್ಲರೂ ನಕ್ಕರು. ಹಿಂದಿ ಬಾರದ ನಾನು ಒಳಗೆ ಸರಿದುಬಿಟ್ಟೆ.

ಕಸ್ತೂರಿ ಮಾತ್ರ ನಗುತ್ತಲೇ, "ಸಾಡಿ ರಹನೇ ದೋ ಬಾಯಿ, ಕಲ್ ಪೈಪ್ ಸಾಫ್ ಕರತೇ" ಎಂದಳು. ಒಳಗೆ ಬಂದು ನನಗೆ, "ಕೊಳವಿ ತುಂಬ ಮಸಿ ಕಟ್ಟೇತಿ ಅಕ್ಕಾ. ನಾಳೆ ಸಂಜಿಗೆ ಬಿಚ್ಚಿ ಝಾಡಸೂಣು. ಅಲ್ಲಿತನಾ ತಗಡ ಮುಟ್ಟಬ್ಯಾಡ" ಎಂದಳು.

ಮರುದಿನ ಮಧ್ಯಾಹ್ನ ಮುಟ್ಟಿದೆ.

ಡಬ್ಬಿಗಳು ಹೋದ ಮೇಲೆ ಎಂದಿನಂತೆ ಕೆಂಡಕ್ಕೆ ಬೂದಿ ಮುಚ್ಚಿದೆ. ಸಂಜೆ ಮತ್ತೆ ಒಲೆ ಹೊತ್ತಿಸಲು ಬೇಕಲ್ಲ. ಊರಿನಲ್ಲಿ ಬೂದಿ ಮುಚ್ಚಿದರೆ ಒಲೆಯ ಚಿಂತೆ ಮುಗಿಯಿತು. ಆದರೆ ಅಲ್ಲಿ ಸೂರಿನಲ್ಲಿ ಹೊಗೆ ಹೋಗಲು ಬೆಳಕಿಂಡಿ ಇತ್ತು; ಇಲ್ಲಿ ಇರಚಲು ಹೊಡೆಯುತ್ತದೆಂದು ಇದ್ದ ಒಂದು ಕಿಟಕಿಯನ್ನೂ ಮುಚ್ಚಿದ್ದೆವು. ಒಲೆಯ ಬದಿ ಬೆಚ್ಚಗಿದೆ ಎಂದು ಕಸ್ತೂರಿ ಅಲ್ಲೇ ಚಾಪೆ ಹಾಸಿ ಮಲಗಿದ್ದಳು. ನಿಮ್ಮ ಅಪ್ಪ ಬಸು — ಆಗಿನ್ನೂ ಎದೆಹಾಲಿನ ಕೂಸು — ಅಳುತ್ತಿದ್ದ. ಅವಳು ನಿದ್ದೆ ಮಾಡಲಿ ಎಂದು ಕೂಸನ್ನು ಕಂಕುಳಿಗೆ ಹಾಕಿಕೊಂಡು ಪೇಟೆಗೆ ಹೊರಟೆ. ಹೊರಡುವಾಗ ಕೊಳವೆಯ ತಗಡು ತಿರುಗಿಸಿ ಮುಚ್ಚಿ, ಖೋಲಿಯ ಬಾಗಿಲು ಎಳೆದುಕೊಂಡೆ. ಹೊರಗೆ ವಾಸನೆ ನಿಂತಿತು. ಇವತ್ತು ಮೇಲಿನವಳ ಬಾಯಿ ಕಟ್ಟಿತು ಎಂದು — ಹೌದು, ಖುಷಿಯಾಗಿತ್ತು ನನಗೆ.

ತಿರುಗಿ ಬಂದಾಗ ಖೋಲಿಯಲ್ಲಿ ಕಣ್ಣಿಗೆ ಕಾಣುವ ಹೊಗೆ ಇರಲಿಲ್ಲ; ಕೆಂಡದ ವಿಷಗಾಳಿ ಕಾಣುವಂಥದ್ದಲ್ಲ. "ಏಳವಾ, ಚಾ ಮಾಡ್ತೀನಿ" ಎಂದೆ. ಎರಡನೇ ಸಲ ಕರೆಯುವಾಗಲೇ ನನ್ನ ತಲೆ ಸುತ್ತತೊಡಗಿತ್ತು. ಅವಳು ಏಳಲಿಲ್ಲ.

ಅವಳ ಗಂಡ, ನನ್ನ ಮೈದುನ, ಓಡಿಬಂದ. ಕೊಳವೆ ನೋಡಿ ಕೇಳಿದ — "ವೈನಿ, ಈ ತಗಡ ಯಾರ ಮುಚ್ಚಿದ್ರು?" ಬಸು ನನ್ನ ಕಂಕುಳಲ್ಲಿದ್ದ, ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು.

"ಅಕಿನ ಮುಚ್ಚಿರಬೇಕು. ನಾ ಪ್ಯಾಟಿಗೆ ಹೋಗಿದ್ದೆ."

ಎರಡನೆಯ ಮಾತು ನಿಜ. ಅದರ ಮರೆಯಲ್ಲೇ ಇಷ್ಟು ವರ್ಷ ಬದುಕಿದೆ.

"ಶ್ಯಾಣೇಕಿ ಅಂತ ತಿಳಕೊಂಡಿದ್ದೆ" ಎಂದು ಅವನು ಹೆಣದ ಮುಂದೆಯೇ ಅವಳನ್ನು ದಡ್ಡಿ ಎಂದು ಬೈದ. ಕೂಸನ್ನು ನನಗೆ ಬಿಟ್ಟು ಊರಿಗೆ ಹೋದವನು ತಿರುಗಿ ಬರಲಿಲ್ಲ. ನನಗೆ ಮಕ್ಕಳಿರಲಿಲ್ಲ. ನಿಜ ಹೇಳಿದ್ದರೆ ಕೂಸನ್ನು ನನ್ನ ಕೈಯಲ್ಲಿ ಬಿಡುತ್ತಿದ್ದನೇ? ಆ ಗಳಿಗೆಯಲ್ಲೇ ಇದನ್ನು ಯೋಚಿಸಿದೆನೋ ಏನೋ — ಇಲ್ಲ ಎನ್ನಲಾರೆ. ನಿಮ್ಮ ಅಜ್ಜನಿಗೂ ಹೇಳಲಿಲ್ಲ. ಅವರು ತಿಳಿಯದೆಯೇ ತೀರಿಕೊಂಡರು.

ಈಗ ನಿಮ್ಮ ಅಪ್ಪ ಬೊರಿವಲಿಯ ಖಾನಾವಳಿಗೆ ಅದೇ ಒಲೆಯನ್ನು ತುಕ್ಕು ಕೆರೆದು ತಂದಿದ್ದಾನೆ. ಗಿರಾಕಿಗಳಿಗೆ ಕಟ್ಟಿಗೆ ಒಲೆಯ ರೊಟ್ಟಿಯೇ ಬೇಕಂತೆ. ಮತ್ತೆ ಹೊಗೆಯ ವಾಸನೆ. "ಅವ್ವಾ, ನೀನ ನೋಡು" ಎಂದು ಕರೆದ. ನೋಡಿದೆ. ಕೊಳವೆಯ ಮಸಿ ಝಾಡಿಸಿದೆ, ಸಂದುಗಳಿಗೆ ಮಣ್ಣು ಮೆತ್ತಿಸಿದೆ, ಒಣ ಕಟ್ಟಿಗೆ ತರಿಸಿದೆ, ಕೆಳಗಿನ ಬಾಗಿಲು ಎಷ್ಟು ತೆರೆಯಬೇಕೆಂದು ತೋರಿಸಿದೆ. ವಾಸನೆ ಹೋಯಿತು. ಅಂದು ಅರ್ಧ ದಿನ ಕಾದಿದ್ದರೆ ಇಷ್ಟೇ ಕೆಲಸವಿತ್ತು.

ಆಮೇಲೆ ಅವನು ರೊಟ್ಟಿ ಬಡಿಯುವವಳಿಗೆ ಹೇಳಿದ — "ಮ್ಯಾಲಿನ ತಗಡ ಮುಚ್ಚಬ್ಯಾಡ್ರಿ ಅಕ್ಕಾರ. ನನ್ನ ಹಡದಾಕಿ ಹಂಗ ಮಾಡೇ ಸತ್ಲು. ದಡ್ಡಿ, ಪಾಪ." ಶ್ರಾವಣಿ, ನೀನು ನನ್ನ ಕಡೆ ತಿರುಗಿ, "ಸಚ್ ಮೇ, ಅಜ್ಜಿ?" ಎಂದು ಕೇಳಿದೆ. ನಾನು ನಿಜವೆಂದು ತಲೆಯಾಡಿಸಿದೆ.

ಇಷ್ಟು ವರ್ಷಗಳ ಮೇಲೆ, ನಿನ್ನ ಮುಖ ನೋಡುತ್ತ, ಮತ್ತೆ ಅದೇ ಸುಳ್ಳು.

ನಿಮಗೆ ಕನ್ನಡ ಓದಲು ಬಾರದು. ನಿಮ್ಮ ಅಪ್ಪನೇ ಓದಿ ಹೇಳಬೇಕು — ಅದು ಗೊತ್ತಿದ್ದೇ ಬರೆದಿದ್ದೇನೆ. ಬಸೂ, ಇಲ್ಲಿಗೆ ನಿಲ್ಲಿಸಬೇಡ, ಮಕ್ಕಳಿಗೆ ಪೂರ್ತಿ ಓದು. ನಿನ್ನ ತಾಯಿ ದಡ್ಡಿಯಲ್ಲ. ನೀನು ಇನ್ನು ನನ್ನನ್ನು ಏನೆಂದು ಕರೆಯುತ್ತೀಯೋ, ಕರೆಯುವುದೇ ಇಲ್ಲವೋ — ಅದು ನಿನಗೆ ಬಿಟ್ಟದ್ದು. ನಾಳೆ ಒಲೆ ಹೊತ್ತಿಸುವ ಮೊದಲು ಇದನ್ನು ನಿನ್ನ ಕೈಗೆ ಕೊಡುತ್ತೇನೆ.

ಮಕ್ಕಳೇ, ಸಿಟ್ಟಿನಲ್ಲಿ ಅವನು ಈ ಹಾಳೆಗಳನ್ನು ಒಲೆಗೆ ಹಾಕಲು ಹೋದರೆ ಕಸಿದುಕೊಳ್ಳಿ. ಕಸ್ತೂರಿಯ ಪರವಾಗಿ ಇರುವುದು ಇವಷ್ಟೇ. ಜೋಪಾನವಾಗಿ ಇಡಿ.