ಬಾಯಾರದ ಮೆಣಸಿನ ಗಿಡ

ದಿಂಡಿಗಲ್ಲಿನ ಆ ಬಾಡಿಗೆ ಮನೆಗೆ ಬಿಸಿಲು ಬರುವುದು ಅಡುಗೆಮನೆಯ ಕಿಟಕಿಯಿಂದ ಮಾತ್ರ, ಅದೂ ಬೆಳಿಗ್ಗೆ ಅರ್ಧ ಗಂಟೆ. ಮಾಳಿಗೆಯ ಮೇಲೆ ಕುಂಡ ಇಡಕೂಡದು, ನೀರು ಇಳಿದು ಗೋಡೆ ಕೆಡುತ್ತದೆ ಎಂದು ಮನೆಯೊಡತಿ ಚಿನ್ನಮ್ಮಾಳ್ ಮೊದಲ ದಿನವೇ ಹೇಳಿಬಿಟ್ಟಿದ್ದರು. ಹಾಗಾಗಿ ಪಾಂಡೀಶ್ವರಿ ಮೆಣಸಿನ ಗಿಡ ಬೆಳೆಸಿದ್ದು ಒಳಕೋಣೆಯಲ್ಲಿ, ಬೀರುವಿಗೂ ಹೊಲಿಗೆ ಯಂತ್ರಕ್ಕೂ ನಡುವೆ, ಮಣ್ಣೇ ಇಲ್ಲದೆ, ನೀರಿನಲ್ಲಿ.

ಇಪ್ಪತ್ತು ಲೀಟರಿನ ನೀಲಿ ಡಬ್ಬಿ. ಅದರ ಮುಚ್ಚಳಕ್ಕೆ ಗಂಡ ರಾಮ್‌ಕುಮಾರ್ ತಾನು ಕೆಲಸ ಮಾಡುವ, ಬೀಗ ತಯಾರಿಸುವ ಪಟ್ಟರೆಯಲ್ಲಿ ನಾಲ್ಕು ತೂತು ಕೊರೆಸಿ ತಂದಿದ್ದ. ಒಂದೊಂದು ತೂತಿಗೂ ತಳ ಕತ್ತರಿಸಿದ ಮೊಸರಿನ ಕಪ್ಪು, ಕಪ್ಪಿನೊಳಗೆ ತೆಂಗಿನ ನಾರು. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪು ನೀರಿಗೆ ಗಾಳಿ ಊದುತ್ತಿತ್ತು. ಮೇಲೆ ನೇರಳೆ ಬಣ್ಣದ ದೀಪ. ಅದು ಹತ್ತಿದರೆ ಕೋಣೆಯೆಲ್ಲ ಜಾತ್ರೆಯ ಅಂಗಡಿಯ ಹಾಗೆ ಕಾಣುತ್ತದೆ ಎಂದು ರಾಮ್‌ಕುಮಾರ್ ತಮಿಳಿನಲ್ಲಿ ಗೊಣಗುತ್ತಿದ್ದ. ಪಾಂಡೀಶ್ವರಿಯ ತವರಿನಂತೆ ಅವನ ಕುಟುಂಬವೂ ಕನ್ನಡದ್ದೇ, ಆದರೆ ಎರಡು ತಲೆಮಾರಿನಿಂದ ಪಟ್ಟಣದಲ್ಲಿ ಇದ್ದು ಮಾತು ಉದುರಿಹೋಗಿತ್ತು. ತೇನಿಯಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ತೇನ್‌ಮೊಳಿಗೆ ಅಮ್ಮನ ಕನ್ನಡ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ತಮಿಳಿನಲ್ಲೇ. ನೀರಿನಲ್ಲಿ ಗಿಡ ಬೆಳೆಸಬಹುದೆಂದು ಮೊಬೈಲಿನಲ್ಲಿ ತೋರಿಸಿಕೊಟ್ಟವಳು ಅವಳೇ.

ಪಾಂಡೀಶ್ವರಿಗೆ ಬೇಕಾಗಿದ್ದದ್ದು ಯಾವುದೋ ಮೆಣಸಿನಕಾಯಿಯಲ್ಲ. ಅಂಥದ್ದು ಸಂತೆಯಲ್ಲಿ ರಾಶಿ ರಾಶಿ ಸಿಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಬೆಟ್ಟದ ಬುಡದ ತವರೂರು ಕೊಂಬೈಯಲ್ಲಿ ಅವಳ ತಾಯಿ ಅಮ್ಮಣಿ ಬೆಳೆಯುತ್ತಿದ್ದ ಕಾಯಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಗಿಣಿಯ ಮೂಗಿನ ಹಾಗೆ ತುದಿ ಬಾಗಿದ್ದು. ಬಾಯಿಗಿಟ್ಟಾಗ ಏನೂ ಅನ್ನಿಸುವುದಿಲ್ಲ, ನುಂಗಿ ಎರಡು ಮಾತಾಡಿದ ಮೇಲೆ ಕಿವಿಯ ಹಿಂದಿನಿಂದ ಖಾರ ಏಳುತ್ತದೆ. ಬೆಟ್ಟದಿಂದ ಇಳಿಯುವ ಗಾಳಿ ಆ ಹೊತ್ತಿಗೆ ಮುಖಕ್ಕೆ ಬಡಿದರೆ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಪಾಂಡೀಶ್ವರಿ ಸಾರಿಗೆ ಕುದಿ ಬಂದಾಗಲೆಲ್ಲ ಕಿವಿಯ ಹಿಂದೆ ಕೈ ಹಾಕಿ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಏನೂ ಏಳುತ್ತಿರಲಿಲ್ಲ.

ಬೀಜ ಕೇಳಿದರೆ ಆಗಿತ್ತಲ್ಲ ಎನ್ನಬಹುದು. ಆದರೆ ಆ ತವರುಮನೆಯಲ್ಲಿ ಮದುವೆ ಮಾಡಿ ಕೊಟ್ಟ ಹೆಣ್ಣಿಗೆ ಬೀಜ ಕೊಡುವುದಿಲ್ಲ. ಅಕ್ಕಿ ಕೊಡುತ್ತಾರೆ, ಕರು ಕೊಡುತ್ತಾರೆ, ಬಂಗಾರ ಕೊಡುತ್ತಾರೆ. ಬೀಜ ಹೋದರೆ ಹೊಲದ ಭಾಗ್ಯವೇ ಅದರ ಹಿಂದೆ ಬೇರೆ ಮನೆಗೆ ನಡೆದುಹೋಗುತ್ತದೆ ಎಂಬ ನಂಬಿಕೆ. ಅಮ್ಮಣಿ ಮಗಳನ್ನು ನೋಡಲು ಬರುವಾಗ ಮೆಣಸಿನ ಪುಡಿ ತರುತ್ತಿದ್ದಳು, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಕಾಯಿ ತರುತ್ತಿದ್ದಳು. ಇಡೀ ಹಣ್ಣುಕಾಯಿ ಒಂದನ್ನೂ ತಂದವಳಲ್ಲ. ಪುಡಿಯಲ್ಲಿಯೂ ಬೀಜ ನುಚ್ಚಾಗಿರಲೆಂದು ಎರಡು ಸಲ ಕುಟ್ಟುತ್ತಿದ್ದಳು.

ಒಮ್ಮೆ ಪಾಂಡೀಶ್ವರಿ ಆ ಮಜ್ಜಿಗೆ ಮೆಣಸಿನಕಾಯಿಯನ್ನೇ ಸೀಳಿ, ಒಳಗಿನ ಬೀಜವನ್ನು ಮೊದಲು ಹಾಲಿನಲ್ಲಿ, ಆಮೇಲೆ ಬೂದಿ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದಳು. ಇಪ್ಪತ್ತು ದಿನ ಕಾದಳು. ಒಂದೂ ಕಣ್ಣು ಬಿಡಲಿಲ್ಲ. ನಾಚಿಕೆ ಬಿಟ್ಟು ಅತ್ತಿಗೆ ಜೆಯಂತಿಗೆ ಫೋನಿನಲ್ಲಿ ಹೇಳಿದಾಗ ಆಕೆ ಅತ್ತ ಕಡೆ ಕೆಮ್ಮು ಬರುವಷ್ಟು ನಕ್ಕಳು.

"ಉಪ್ಪಲ್ಲಿ ನೆಂದ ಎಣಕ್ಕೆ ಆಲೂಡ್ಸಿದ್ಯಾ ನಾತ್ತನಾ?"

ನಾತ್ತನಾ ಎಂದರೆ ನಾದಿನಿ; ಅವರ ಕಡೆಯ ಮಾತಿನಲ್ಲಿ ಹಕಾರ ಉದುರಿ ಹೆಣ ಎಣವಾಗುತ್ತದೆ, ಹಾಲು ಆಲಾಗುತ್ತದೆ. ಜೆಯಂತಿ ನಕ್ಕಳೇ ಹೊರತು ಅಮ್ಮಣಿಗೆ ಹೇಳಲಿಲ್ಲ.

ಎರಡು ವರ್ಷದ ಹಿಂದೆ ಅಮ್ಮಣಿ ತೀರಿಕೊಂಡಳು. ಹದಿನಾರನೆಯ ದಿನದ ಊಟಕ್ಕೆ ಜೆಯಂತಿ ಹೊಲದಿಂದ ಕೆಂಪಗೆ ಹಣ್ಣಾದ ಕಾಯಿ ಕಿತ್ತು ತಂದು ಎಲೆಗೊಂದರಂತೆ ಉಪ್ಪಿನ ಪಕ್ಕದಲ್ಲಿ ಇಟ್ಟಳು. ತೀರಿಹೋದವಳಿಗೆ ಇಷ್ಟವಾದದ್ದು ಎಲ್ಲರ ಎಲೆಯಲ್ಲೂ ಇರಬೇಕು. ಪಾಂಡೀಶ್ವರಿ ತನ್ನ ಕಾಯಿಯನ್ನು ಕಚ್ಚಿದಳು. ಅಣ್ಣ ಮಾಯಾಂಡಿ ಎದುರು ಸಾಲಿನಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವಳು ಕೆಮ್ಮುವವಳಂತೆ ಬಾಯಿಗೆ ಸೆರಗು ಹಿಡಿದು, ನಾಲಿಗೆಯಡಿ ಉಳಿಸಿಕೊಂಡಿದ್ದ ಬೀಜವನ್ನು ಅದರೊಳಗೆ ಉಗಿದಳು. ಬಸ್ಸಿನಲ್ಲಿ ಸೆರಗಿನ ಗಂಟು ಬಿಚ್ಚಿ ನೋಡಿದಾಗ ಆರು ಇದ್ದವು. ಕಿವಿಯ ಹಿಂದೆ ಇನ್ನೂ ಉರಿಯುತ್ತಿತ್ತು. ತಾಯಿಗಾಗಿ ಅತ್ತದ್ದೆಷ್ಟು, ಖಾರಕ್ಕೆ ಅತ್ತದ್ದೆಷ್ಟು ಎಂದು ಅವಳಿಗೇ ಗೊತ್ತಾಗಲಿಲ್ಲ.

ಕದ್ದ ಆ ಬೀಜವನ್ನು ಬಿತ್ತುವ ಧೈರ್ಯ ಬರುವುದಕ್ಕೆ ಒಂದೂವರೆ ವರ್ಷ ಬೇಕಾಯಿತು. ಬಿತ್ತಿದ ಆರರಲ್ಲಿ ನಾಲ್ಕು ಮೊಳೆತವು. ಗೊಬ್ಬರದ ನೀರು ಎರಡು ಬಾಟಲಿಯಲ್ಲಿ ಬರುತ್ತದೆ, ಲೀಟರಿಗೆ ಇಷ್ಟು ಮುಚ್ಚಳ ಎಂದು ಅಳತೆ ಇದೆ. ಪಾಂಡೀಶ್ವರಿ ಎಳೆಯ ಸಸಿಗೆ ಕೈ ಬಿಗಿ ಮಾಡಬಾರದೆಂದು ಒಂದೊಂದು ಮುಚ್ಚಳ ಹೆಚ್ಚಿಗೆ ಹಾಕಿದಳು. ನಾಲ್ಕೇ ದಿನದಲ್ಲಿ ಎಲೆಯ ಅಂಚು ಸುಟ್ಟು ಮೂರು ಸಸಿ ಹೋದವು. ಉಳಿದದ್ದು ಒಂದು. ಆಮೇಲೆ ಅವಳು ಔಷಧಿ ಅಳೆಯುವ ಸಿರಿಂಜಿನಿಂದ ಅಳೆದಳು. ಕೊಳಾಯಿಯ ಗಡಸು ನೀರು ಬಿಟ್ಟು ಕುಡಿಯುವ ಕ್ಯಾನಿನ ನೀರು ಸುರಿದಳು. ವಾರಕ್ಕೊಮ್ಮೆ ಮುಚ್ಚಳ ಎತ್ತಿ, ಮುದುಕಿಯ ಜಡೆಯ ಹಾಗೆ ಬೆಳ್ಳಗೆ ಇಳಿದ ಬೇರನ್ನು ಬೆರಳಿನಿಂದ ಬಾಚುತ್ತಿದ್ದಳು. ಹೂವು ಬಿಟ್ಟಿತು, ಬಿಟ್ಟದ್ದೆಲ್ಲ ಉದುರಿತು. ಒಳಕೋಣೆಯಲ್ಲಿ ಗಾಳಿಯಿಲ್ಲ, ಜೇನಿಲ್ಲ. ಮಗಳು ಮೇಕಪ್ಪಿಗೆ ಇಟ್ಟುಕೊಂಡಿದ್ದ ಬ್ರಷ್ಷಿನಿಂದ ಹೂವು ಹೂವಿಗೆ ಸವರಿದ ಮೇಲೆ ಒಂದು ಕಾಯಿ ಕಚ್ಚಿತು. ಅದರ ಹಿಂದೆ ಇನ್ನು ಮೂರು.

ಮೊದಲನೆಯದು ಹಣ್ಣಾಯಿತು. ಅದೇ ರೂಪ, ತುದಿಯ ಅದೇ ಬಾಗು. ಅನ್ನ ಕಲಸಿಕೊಂಡು ಕುಳಿತು ಪಾಂಡೀಶ್ವರಿ ಕಚ್ಚಿದಳು, ಜಗಿದಳು, ನುಂಗಿದಳು. ಸುಮ್ಮನೆ ಕಾದಳು. ಅನ್ನ ತಣ್ಣಗಾಯಿತು. ಕಾಯಿ ಸೌತೆಯ ಹಾಗೆ ಸಪ್ಪೆ. ಒಳಗಿನ ಬೀಜವೂ ತೆಳ್ಳಗೆ, ಕಾಗದದ ಹಾಗೆ ಹೊಟ್ಟು. ಕದ್ದು ತಂದದ್ದಕ್ಕೆ ಅಮ್ಮ ಖಾರವನ್ನು ಅಲ್ಲೇ ಹಿಡಿದಿಟ್ಟುಕೊಂಡಳು ಎಂದು ಅವಳಿಗೆ ಅನ್ನಿಸಿತು. ಆ ಯೋಚನೆ ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಅಣ್ಣನಿಗೆ ಫೋನು ಮಾಡಿದಳು.

"ಅಣ್ಣಾ, ಒಂದು ತಪ್ಪು ಮಾಡ್ಬುಟ್ಟೆ. ಅಮ್ಮನ ಪದಿನಾರಿನ ಎಲೆಯಿಂದ ಆರು ಬೀಜ ಎತ್ಕೊಂಡು ಬಂದೆ."

ಅತ್ತ ಕಡೆ ಮಾಯಾಂಡಿ ಪಂಪ್‌ಸೆಟ್ ಆರಿಸಿದ.

"ಕದ್ಯಾ?"

"ಕದ್ದೆ."

"ಮೊಳೀತಾ?"

"ಒಂದು ಗಿಡ ನಿಂತದೆ."

ಆಗ ಮಾಯಾಂಡಿ ತಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದ. ಬಾವಿಯ ಪಕ್ಕದ ಮೆಣಸಿನ ಪಾತಿಯನ್ನು ಅವನು ಕಳೆದ ವರ್ಷ ಅಗೆದು ದ್ರಾಕ್ಷಿ ಚಪ್ಪರ ಹಾಕಿಸಿದ್ದ. ಬೀಜದ ಗಡಿಗೆ ಅಟ್ಟದಲ್ಲಿದೆಯಲ್ಲ ಎಂಬ ಧೈರ್ಯವಿತ್ತು. ಅಮ್ಮಣಿ ಇದ್ದಾಗ ವರ್ಷಕ್ಕೆರಡು ಸಲ ಗಡಿಗೆಯ ಬೂದಿ ಬದಲಾಯಿಸುತ್ತಿದ್ದಳು. ಅವಳು ಹೋದ ಮೇಲೆ ಅದು ಯಾರಿಗೂ ನೆನಪಾಗಲಿಲ್ಲ. ಈ ವರ್ಷದ ಚಿತ್ತಿರೆ ತಿಂಗಳಲ್ಲಿ ಇಳಿಸಿ ನೋಡಿದರೆ ಒಳಗೆ ಇದ್ದದ್ದು ಹುಳು ತಿಂದ ಹಿಟ್ಟು. ಕೊಂಬೈ ಮನೆಯಲ್ಲಿ ಆ ಮೆಣಸು ಈಗ ಇಲ್ಲ. ಇರುವುದು ದಿಂಡಿಗಲ್ಲಿನಲ್ಲಿ, ಬೀರುವಿನ ಪಕ್ಕ, ಒಂದೇ ಗಿಡ.

ಪಾಂಡೀಶ್ವರಿ ಹೊಲಿಗೆ ಯಂತ್ರದ ಸ್ಟೂಲನ್ನು ಗಿಡದ ಹತ್ತಿರಕ್ಕೆ ಎಳೆದು ಕುಳಿತಳು.

"ಆದ್ರೆ ಕಾರ ಇಲ್ಲೆ ಅಣ್ಣಾ. ರೂಪ ಅದೇ, ಕಾರ ಇಲ್ಲೆ. ಕದ್ದದ್ದಕ್ಕೆ ಇರ್ಬೋದಾ?"

"ಕದ್ದದ್ದಕ್ಕೆ ಕಾರ ಓಗಾದಾದ್ರೆ ನಮ್ಮೂರಲ್ಲಿ ಅರ್ಧ ತೋಟ ಸಪ್ಪೆ ಆಗ್ಬೇಕು. ನೀರು ಎಷ್ಟು ಬಿಡ್ತೀಯ?"

"ಬಿಡಾದೇನು, ಅದು ನೀರಲ್ಲೇ ನಿಂತದೆ."

"ಯಾವಾಗ್ಲೂ?"

"ಯಾವಾಗ್ಲೂ."

"ಅಂಗಾದ್ರೆ ಉಟ್ಟಿದಾಗ್ನಿಂದ ಅದಕ್ಕೆ ಬಾಯಾರ್ಕೆನೇ ಗೊತ್ತಿಲ್ಲೆ. ಬಾಯಾರ್ದೇ ಬೆಳೆದದ್ದಕ್ಕೆ ಕೋಪ ಎಲ್ಲಿಂದ ಬಂದೀತು ಪಾಂಡಿ?"

ಅವಳಿಗೆ ಹಳೆಯದೆಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಕಾಯಿ ಬಲಿತು ಬಣ್ಣ ತಿರುಗುವ ಹೊತ್ತಿಗೆ ಅಮ್ಮಣಿ ಪಾತಿಯ ಬಾಯಿಗೆ ಮಣ್ಣು ಕಟ್ಟಿ ಎಂಟು ದಿನ ನೀರು ನಿಲ್ಲಿಸುತ್ತಿದ್ದಳು. ಮೂರನೆಯ ದಿನ ಎಲೆ ಜೋಲುತ್ತಿತ್ತು. ಐದನೆಯ ದಿನ ಇಡೀ ಪಾತಿ ಬೈಸಿಕೊಂಡ ಸೊಸೆಯ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಅಮ್ಮಣಿ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಎದ್ದು ಹೋಗುತ್ತಿರಲಿಲ್ಲ, ನೀರೂ ಬಿಡುತ್ತಿರಲಿಲ್ಲ. ಏಳು ವರ್ಷದ ಪಾಂಡೀಶ್ವರಿ ತಡೆಯಲಾರದೆ ಒಂದು ಗಿಡಕ್ಕೆ ಒಂದು ಲೋಟ ನೀರು ಹಾಕಿ ಬೆನ್ನಿಗೆ ಏಟು ತಿಂದಿದ್ದಳು. ಇದನ್ನೆಲ್ಲ ಕಂಡೂ, ನೀರಿನ ಡಬ್ಬಿಯ ಮುಂದೆ ಅವಳಿಗೆ ಅದು ಹೊಳೆದೇ ಇರಲಿಲ್ಲ.

ಈಗ ಗಿಡದಲ್ಲಿ ಉಳಿದದ್ದು ಮೂರು ಕಾಯಿ, ಮೂರೂ ಹಸಿರು. ನೀರು ನಿಲ್ಲಿಸಿದರೆ ಖಾರ ಬಂದೀತು. ಗಿಡ ಸತ್ತರೆ ಬಲಿಯದ ಕಾಯಿಯೊಳಗೆ ಬೀಜವೂ ಇಲ್ಲ, ಆಮೇಲೆ ಈ ಲೋಕದಲ್ಲೇ ಆ ಮೆಣಸು ಇಲ್ಲ. ಹೊಲದ ಗಿಡಕ್ಕಾದರೆ ಮಣ್ಣಿನ ಆಳದಲ್ಲಿ ಸ್ವಲ್ಪ ತೇವವಿರುತ್ತದೆ. ಡಬ್ಬಿಯಲ್ಲಿ ನೀರು ತೆಗೆದರೆ ಬರೀ ಗಾಳಿ. ಪಾಂಡೀಶ್ವರಿ ಕಾಯಿಯ ಬೆನ್ನಿನಲ್ಲಿ ಕೆಂಪು ಗೆರೆ ಕಾಣುವವರೆಗೆ ಮೂರು ವಾರ ಕಾದಳು. ಆಮೇಲೆ ಒಂದು ಬೆಳಿಗ್ಗೆ ಚೊಂಬಿನಿಂದ ನೀರು ಮೊಗೆದು ಬೇರಿನ ತುದಿ ಎರಡು ಬೆರಳು ಮಾತ್ರ ಮುಳುಗುವಷ್ಟು ಉಳಿಸಿದಳು.

ಎರಡನೆಯ ದಿನ ಎಲೆ ಬಾಗಿತು. ಮೂರನೆಯ ದಿನ ರಾಮ್‌ಕುಮಾರ್ ಊಟಕ್ಕೆ ಬಂದವನು ಗಿಡವನ್ನೂ ಹೆಂಡತಿಯನ್ನೂ ನೋಡಿ, ಗಿಡ ಉಪವಾಸ ಸರಿ, ನೀನೂ ಯಾಕೆ ಉಪವಾಸ ಎಂದು ಕೇಳಿದ. ಅವಳು ಅವನ ತಟ್ಟೆಗೆ ಅನ್ನ ಬಡಿಸಿದಳು. ಹೊಲಿಯಲು ಬಂದಿದ್ದ ರವಿಕೆಗಳು ಹಾಗೇ ಬಿದ್ದಿದ್ದವು. ಗಿಡಕ್ಕೆ ಬೆನ್ನು ಮಾಡಿ ಕೂತರೂ ಅದು ಬೆನ್ನನ್ನೇ ನೋಡುವ ಹಾಗಿತ್ತು. ಐದನೆಯ ದಿನ ಕೆಳಗಿನ ಎರಡು ಎಲೆ ಬಿದ್ದವು. ಬಿದ್ದ ಸದ್ದು ತನಗೆ ಕೇಳಿಸಿತೆಂದು ಅವಳು ಆಮೇಲೆ ಮಗಳಿಗೆ ಹೇಳಿದಳು. ಎಂಟು ದಿನ ಬದುವಿನ ಮೇಲೆ ಕೂರಲು ತಾಯಿಗೆ ಎಲ್ಲಿಂದ ಬಂತು ಆ ಗಟ್ಟಿ ಮನಸ್ಸು? ಅವಳನ್ನು ಒಂದು ಸಲ ಕೇಳಬೇಕಿತ್ತು. ಅವಳ ಪಕ್ಕದಲ್ಲಿ ಕೂತು ಕೇಳಬೇಕಿತ್ತು.

ಆರನೆಯ ದಿನ ಪಾಂಡೀಶ್ವರಿ ಚೊಂಬು ಹಿಡಿದು ಬಂದು ನೀರು ಸುರಿದಳು.

ಗಿಡ ಬದುಕಿತು. ಕಾಯಿ ಮೂರೂ ಹಣ್ಣಾದವು. ಅವಳು ತಿನ್ನಲಿಲ್ಲ.

ಆಷಾಢಕ್ಕೆ ಸರಿಯಾದ ಆಡಿ ತಿಂಗಳಲ್ಲಿ ಮಾಯಾಂಡಿ ಪಂಪ್‌ಸೆಟ್ ಕೋಣೆಗೆ ಬೀಗ ಬೇಕೆಂದು ದಿಂಡಿಗಲ್ಲಿಗೆ ಬಂದ. ಬೀಗ ಕೊಂಬೈಯಲ್ಲೂ ಸಿಗುತ್ತದೆ, ಅದನ್ನು ಯಾರೂ ಹೇಳಲಿಲ್ಲ. ನೇರಳೆ ಬೆಳಕಿನಲ್ಲಿ ನಿಂತು ಡಬ್ಬಿಯನ್ನು ಸುತ್ತ ನೋಡಿ, ಗಿಡಕ್ಕೆ ಆಸ್ಪತ್ರೆಯಲ್ಲಿ ಡ್ರಿಪ್ಸ್ ಏರಿಸಿದಂಗೆ ಇದೆ ಎಂದ. ತಂಗಿ ಒಂದು ಕಾಯಿಯನ್ನು ಚೂರಿಯಿಂದ ಎರಡು ಮಾಡಿ ಬೀಜವನ್ನು ತಟ್ಟೆಗೆ ಉದುರಿಸಿದಳು. ಇಬ್ಬರೂ ಅರ್ಧರ್ಧ ಬಾಯಿಗಿಟ್ಟುಕೊಂಡು, ನುಂಗಿ, ಖಾರಕ್ಕೆ ಕಾದರು.

ಮಾಯಾಂಡಿಯ ಕೈ ಮೆಲ್ಲಗೆ ಕಿವಿಯ ಹಿಂದಕ್ಕೆ ಹೋಯಿತು.

"ಬಂದದೆ," ಎಂದ. ಅಲ್ಲೇ ಇನ್ನೊಮ್ಮೆ ಒತ್ತಿ ನೋಡಿ, "ಅರ್ಧ ಬಂದದೆ."

"ಎಂಟು ದಿವಸ ನಂಗೆ ಆಗ್ಲಿಲ್ಲೆ ಅಣ್ಣಾ. ಐದಕ್ಕೇ ನೀರು ಉಯ್ದ್ಬುಟ್ಟೆ."

"ಗೊತ್ತು. ಆವತ್ತು ನಿನ್ನ ಬೆನ್ನಿಗೆ ಬಿದ್ದ ಏಟು ನಾನೂ ನೋಡಿದ್ನಲ್ಲ."

ಅವಳು ಉಳಿದೆರಡು ಕಾಯಿಯ ಬೀಜವನ್ನೂ ಬಿಡಿಸಿದಳು. ಈ ಸಲ ತುಂಬಿದ ಬೀಜ, ಹಳದಿ, ಮೂರು ಕಾಯಿಯಿಂದ ಅರವತ್ತರ ಹತ್ತಿರ. ಹತ್ತನ್ನು ತನ್ನ ಪಾಲಿಗೆ ಉಳಿಸಿಕೊಂಡು ಮಿಕ್ಕದ್ದನ್ನು ಕಾಗದದಲ್ಲಿ ಮಡಿಚಿದಳು. ಮಾಯಾಂಡಿ ಟವೆಲ್ಲು ಹರಡಿ ಕೈ ಚಾಚಿದ. ಅವಳು ಕೊಡಲು ಹೋಗಿ ನಿಂತಳು. ಮೆಣಸನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ. ಮಗಳಿಗೆ ಬೀಜ ಕೊಡಕೂಡದೆಂಬ ಕಟ್ಟಳೆ ಇದೆ, ಮಗಳು ತವರಿಗೆ ಬೀಜ ಕೊಡುವುದು ಹೇಗೆಂದು ಯಾರೂ ಹೇಳಿಟ್ಟಿಲ್ಲ. ಪಾಂಡೀಶ್ವರಿ ಪೊಟ್ಟಣವನ್ನು ನೆಲದ ಮೇಲೆ ಇಟ್ಟಳು. ಅಣ್ಣ ಬಗ್ಗಿ ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡ.

ಚಪ್ಪರದ ಓರದಲ್ಲಿ ಬಿಸಿಲು ಬೀಳುವ ಜಾಗ ಇದೆ, ನಾಲ್ಕು ಸಾಲು ಬಿಡುತ್ತೇನೆ ಎಂದ. ಬೆಳೆದದ್ದರಲ್ಲಿ ಅವಳಿಗೆ ಏನು ಕಳಿಸಲಿ, ಹಣ್ಣುಕಾಯಿಯನ್ನೇ ಮೂಟೆ ಕಟ್ಟಿ ತರಲಾ ಎಂದು ಕೇಳಿದ. ಇನ್ನು ಮುಚ್ಚಿಡುವುದೇನಿದೆ.

"ಏನೂ ಬ್ಯಾಡ. ನೀರು ನಿಲ್ಸೋ ದಿವಸ ನಂಗೊಂದು ಮಾತು ಹೇಳು. ಆ ಎಂಟು ದಿವಸ ನಾ ಅಲ್ಲಿ ಇರ್ಬೇಕು."

"ಬಂದು ಏನ್ಮಾಡ್ತೀಯ?"

"ಬದುವಿನ ಮ್ಯಾಲೆ ಸುಮ್ನೆ ಕುಂತಿರ್ತೀನಿ."

ಮಾಯಾಂಡಿ ಅವಳ ಮುಖವನ್ನೇ ನೋಡಿದ. ಆಗಲಿ ಎಂದು ತಲೆಯಾಡಿಸಿ, ನೀರಿನ ಲೋಟವನ್ನು ಒಳಗೆ ಬಚ್ಚಿಡಲು ಜೆಯಂತಿಗೆ ಹೇಳುತ್ತೇನೆ ಎಂದು ಮೆಟ್ಟಿಲಿಳಿದ. ಊರ ಕಡೆಗೆ ಹೋಗುವ ಕಂಬಂ ಬಸ್ಸಿಗೆ ಹೊತ್ತಾಗಿತ್ತು.

ಅವನು ಬೀದಿಯ ತಿರುವು ದಾಟುವವರೆಗೂ ಅವಳು ಕಿಟಕಿಯಲ್ಲೇ ಇದ್ದಳು. ಆಡಿಯಲ್ಲಿ ಬಿತ್ತನೆ, ಆವಣಿಯಲ್ಲಿ ನಾಟಿ. ಹೆಬ್ಬೆರಳಿನಿಂದ ಬೆರಳ ಗೆಣ್ಣಿನ ಮೇಲೆ ಮುಂದಿನ ತಿಂಗಳು ಎಣಿಸಿದಳು: ಪುರಟಾಸಿ, ಐಪ್ಪಸಿ, ಕಾರ್ತಿಗೆ, ಮಾರ್ಗಳಿ. ಕಾಯಿ ಬಣ್ಣ ತಿರುಗಿ ನೀರು ನಿಲ್ಲಿಸುವ ಮಾರ್ಗಳಿಯ ಗೆಣ್ಣಿನ ಮೇಲೆ ಹೆಬ್ಬೆರಳು ನಿಂತಿತು. ಅಡುಗೆಗೆ ಹೊತ್ತಾಯಿತೆಂದು ಒಳಗಿನಿಂದ ಗಂಡ ಕೂಗಿದರೂ ಅವಳು ಅದನ್ನು ಅಲ್ಲಿಂದ ತೆಗೆಯಲಿಲ್ಲ.